ಒರಗಿದವರು

ನಾನು ಒಂದು ಲೋಡು. ಗಾದಿಯ ಮೇಲೆ, ಗೋಡೆಗೆ ಒತ್ತಿ ಇಡುತ್ತಾರಲ್ಲ, ಆ ಉದ್ದನೆಯ ದುಂಡು ದಿಂಬು. ಜನ ನನ್ನ ಕಡೆ ಮುಖ ಮಾಡುವುದಿಲ್ಲ, ಬೆನ್ನು ಕೊಡುತ್ತಾರೆ. ಹಾಗಾಗಿ ನಾನು ಬಲ್ಲದ್ದು ಬೆನ್ನುಗಳನ್ನು. ಮುಖವನ್ನು ಜನ ಆಗಾಗ ತೊಳೆಯುತ್ತಾರೆ. ಬೆನ್ನು ಅವರಿಗೆ ಕಾಣುವುದಿಲ್ಲ.

ಹುಟ್ಟಿದ್ದು ಗದಗಿನಲ್ಲಿ, ಹುಸೇನಸಾಬ ಎಂಬ ಪಿಂಜಾರನ ಅಂಗಳದಲ್ಲಿ. ಅವನು ಜವಾರಿ ಹತ್ತಿಯನ್ನು ಗುಡ್ಡೆ ಹಾಕಿ, ಬಿಲ್ಲಿನ ತಂತಿಯನ್ನು ಅದರೊಳಗೆ ಇಳಿಸಿ ಮೀಟುತ್ತಿದ್ದ. ತಂತಿ ಡೊಂಯ್ ಎಂದು ಅದುರಿದ ಹಾಗೆಲ್ಲ ಹತ್ತಿ ಎದ್ದು ಹಾರುತ್ತಿತ್ತು. ಆ ಹೊತ್ತು ಚೆನ್ನಾಗಿ ನೆನಪಿದೆ. ನಾನು ಗಾಳಿಯಲ್ಲಿದ್ದದ್ದು ಅದೊಂದೇ ಸಲ. ಆಮೇಲೆ ನನ್ನನ್ನು ದಪ್ಪ ಬಟ್ಟೆಯ ಚೀಲಕ್ಕೆ ತುರುಕಿ, ಕೋಲಿನಿಂದ ಬಡಿದು ಹದ ಮಾಡಿ, ಬಾಯಿ ಹೊಲಿದರು.

ನನ್ನನ್ನು ಮಾಡಿಸಿದವರು ಮಹಾರುದ್ರಪ್ಪ. ಶೇಂಗಾ, ಮೆಣಸಿನಕಾಯಿ ವ್ಯಾಪಾರದ ದಲಾಲಿ ಅಂಗಡಿಯ ಯಜಮಾನರು.

"ಗಟ್ಟಿ ತುಂಬೀನ್ರಿ ಸಾಹುಕಾರ್ರ. ಆನಿ ಒರಗಿದ್ರೂ ತಗ್ಗು ಬೀಳೂದಿಲ್ಲ" ಎಂದ ಹುಸೇನಸಾಬ.

"ಆನಿ ಅಲ್ಲೋ, ಒರಗಾಂವ ನಾನು."

ಹುಸೇನಸಾಬ ಅವರನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದ. "ಹಂಗಾದ್ರ ತಡೀರಿ, ಇನ್ನಾ ಒಂದೀಟು ತುಂಬತೀನಿ."

ಇಬ್ಬರೂ ನಕ್ಕರು. ಅವನು ನಿಜವಾಗಿಯೂ ಹೊಲಿಗೆ ಬಿಚ್ಚಿ ಇನ್ನಷ್ಟು ತುಂಬಿದ. ಅದು ಸಾಲಲಿಲ್ಲ.

ಮಹಾರುದ್ರಪ್ಪ ಬೆಳಿಗ್ಗೆ ಅಂಗಡಿಗೆ ಬಂದು ನನಗೆ ಒರಗಿದರೆ ಊಟಕ್ಕೆ ಏಳುತ್ತಿದ್ದರು, ಊಟ ಮಾಡಿ ಬಂದು ಮತ್ತೆ ಒರಗುತ್ತಿದ್ದರು. ಅವರ ಅಂಗಿ ಮೊದಲು ಒದ್ದೆಯಾಗುತ್ತಿತ್ತು, ಆಮೇಲೆ ನನ್ನ ಗವಸು, ಆಮೇಲೆ ನಾನು. ಎದುರಿನ ಅಂಗಳದಲ್ಲಿ ಹಮಾಲರು ಚೀಲ ಹೊತ್ತು ಓಡಾಡುತ್ತಿದ್ದರು. ಅವರೂ ಬೆವರುತ್ತಿದ್ದರು, ಆದರೆ ಅದು ಗಾಳಿಗೆ ಒಣಗುವ ಬೆವರು. ಇವರದು ಒಣಗುತ್ತಿರಲಿಲ್ಲ, ಹುಳಿಯುತ್ತಿತ್ತು.

ಫ್ಯಾನಿನ ಗುಂಡಿ ಅವರ ತಲೆಯ ಮೇಲೆಯೇ ಇತ್ತು. ಅದಕ್ಕಾಗಿ ಒಂದು ಬೆತ್ತ ಇಟ್ಟುಕೊಂಡಿದ್ದರು. ಕೂತಲ್ಲಿಂದಲೇ ಬೆತ್ತ ಎತ್ತಿ ಗುಂಡಿ ಒತ್ತುವರು. ಬೆತ್ತ ಜಾರಿ ದೂರ ಬಿದ್ದರೆ, "ಏ ದುರ್ಗಪ್ಪಾ, ಬಡಗಿ ಕೊಡೋ" ಎಂದು ಹಮಾಲನನ್ನು ಕರೆಯುವರು. ಅವನು ಬೆನ್ನ ಮೇಲಿನ ಚೀಲ ಇಳಿಸಿ ಬಂದು, ಬೆತ್ತ ಎತ್ತಿ ಕೊಟ್ಟು, ಮತ್ತೆ ಚೀಲ ಹೊರುತ್ತಿದ್ದ. ಇದನ್ನು ಕಂಡು ಯಾರೂ ನಗುತ್ತಿರಲಿಲ್ಲ. ಊರಿನಲ್ಲಿ ಇದಕ್ಕೆ ಗತ್ತು ಎಂಬ ಹೆಸರಿತ್ತು. ಎದ್ದು ಕೆಲಸ ಮಾಡುವವನು ಆಳು, ಕೂತು ಮಾಡಿಸುವವನು ಯಜಮಾನ.

ಅವರು ಸತ್ತದ್ದೂ ನನಗೆ ಒರಗಿಯೇ. ಬೆಳಗಿನ ಹೊತ್ತು, ಒಂದು ಸಣ್ಣ ಬಿಕ್ಕು. ಆಮೇಲೆ ಬೆನ್ನು ತಣ್ಣಗಾಗತೊಡಗಿತು. ಜನ ಬಂದರು, ಕೈ ಮುಗಿದರು, ಹೋದರು. ಒಬ್ಬ ರೈತ ಶೇಂಗಾದ ದರ ಕೇಳಿದ. ಉತ್ತರ ಬರಲಿಲ್ಲ. ದರ ಬಿದ್ದಿರಬೇಕು, ಹೇಳಲು ಸಾಹುಕಾರರಿಗೆ ಮನಸ್ಸಿಲ್ಲ ಎಂದುಕೊಂಡು ಚೀಲ ಹೇರಿಕೊಂಡು ಹೋದ. ಊಟಕ್ಕೆ ಕರೆಯಲು ಮಗ ಬಂದಾಗಲೇ ಗೊತ್ತಾದದ್ದು. ಬದುಕಿದ್ದಾಗಲೂ ಅವರು ಅಷ್ಟೇ ಅಲ್ಲಾಡುತ್ತಿದ್ದರು.

ಮಗ ಶಿವಯೋಗಪ್ಪ ಅಂಗಡಿಗೆ ಕುರ್ಚಿ ಮೇಜು ತರಿಸಿದ. ನನ್ನ ಗವಸು ಬದಲಿಸಿ ಮನೆಗೆ ಒಯ್ದ. ಪಡಸಾಲೆಯ ದಿವಾನದ ಮೇಲೆ, ಟಿವಿಯ ಎದುರು ನನ್ನ ಜಾಗ.

ಅಪ್ಪ ಕೂತಿದ್ದರೆ ಮಗ ಮಲಗಿದ. ವ್ಯತ್ಯಾಸ ಅಷ್ಟೇ. ಅಂಗಡಿಯಿಂದ ಬಂದು ಕಾಲು ಚಾಚಿ, ನನ್ನ ಮೇಲೆ ಮೊಣಕೈ ಊರಿ, ಶೇಂಗಾ ಸುಲಿಯುತ್ತಾ ಟಿವಿ ನೋಡುವನು. ಸಿಪ್ಪೆ ನನ್ನ ಹೊಲಿಗೆಯಲ್ಲಿ ಸೇರುತ್ತಿತ್ತು. ತೇಗುವನು. ಕೆಳಗಿನಿಂದ ಗಾಳಿ ಬಿಡುವನು, ಆಗ ಒಂದು ಪಕ್ಕ ತುಸು ಎತ್ತುವನು. ಅವನ ದೇಹ ತಾನಾಗಿ ಏಳುತ್ತಿದ್ದದ್ದು ಅಷ್ಟೇ. ಹೊಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣಲು ಬರುತ್ತಿತ್ತು. ಅದನ್ನು ಬಂದವರಿಗೆ ತೋರಿಸಿ, "ನೋಡ್ರಿ, ದೇವರು ಮೇಜು ಕೊಟ್ಟs ಕಳಿಸ್ಯಾನ" ಎನ್ನುವನು. ಬೀದಿಯ ತುದಿಯ ಪಾನ್ ಅಂಗಡಿಗೂ ಸ್ಕೂಟರ್. ಸ್ಕೂಟರ್ ಕೆಟ್ಟ ದಿನ ಎಲೆ ಅಡಿಕೆ ಬಿಟ್ಟ, ನಡೆಯಲಿಲ್ಲ.

ಅವನ ಹೆಂಡತಿ ನೀಲವ್ವ. ಈ ಮನೆಗೆ ಬಂದಾಗ ಅವಳ ಬೆನ್ನು ನನಗೆ ಗೊತ್ತೇ ಇರಲಿಲ್ಲ. ಪಡಸಾಲೆಯಲ್ಲಿ ಅವಳ ಹಿಮ್ಮಡಿಗಳು ಮಾತ್ರ ಕಾಣುತ್ತಿದ್ದವು. ಒಳಗಿನಿಂದ ಹೊರಗೆ, ಹೊರಗಿನಿಂದ ಅಟ್ಟಕ್ಕೆ, ಅಟ್ಟದಿಂದ ಬಾವಿಗೆ. ಸಂತೆಗೆ ನಡೆದೇ ಹೋಗಿ ಚೀಲ ಹೊತ್ತು ಬರುತ್ತಿದ್ದಳು. ದಾರಿಯಲ್ಲಿ ಕಂಡದ್ದನ್ನೆಲ್ಲ ಗಂಡನಿಗೆ ಹೇಳುತ್ತಿದ್ದಳು. ಅವನು ಟಿವಿ ನೋಡುತ್ತಾ ಹೂಂ ಎನ್ನುತ್ತಿದ್ದ.

ಒಂದು ದಿನ ಅವನ ಗೆಳೆಯನೊಬ್ಬ, "ವೈನಿಯವರು ಸಂತ್ಯಾಗ ಚೀಲಾ ಹೊತ್ತು ಹೊಂಟಿದ್ರು" ಎಂದ. ಅಷ್ಟೇ ಮಾತು.

ಸಂಜೆ ಶಿವಯೋಗಪ್ಪ, "ನಾಳಿಂದ ನೀ ಎಲ್ಲೂ ನಡಕೊಂತ ಹೋಗೂದು ಬ್ಯಾಡ" ಎಂದ.

"ಯಾಕ್ರಿ? ನನಗೇನ್ ಕಾಲಿಲ್ಲೇನು?"

"ಕಾಲು ಅದಾವ ಅಂತ ಊರಿಗೆ ತೋರಸ್ಬೇಕೇನು? ನಮ್ಮ ಮನ್ಯಾಗ ಏನ್ ಕಡಿಮಿ ಆಗೇತಿ ಅಂತ ಮಂದಿ ಕೇಳ್ತಾರ."

ಆಟೋ ಬಂತು, ತರಕಾರಿ ಬಾಗಿಲಿಗೆ ಬಂತು, ಕಸಕ್ಕೆ ಬಟ್ಟೆಗೆ ಆಳು ಬಂದಳು. ನೀಲವ್ವ ಮೊದಲು ದಿವಾನದ ಅಂಚಿನಲ್ಲಿ ಕೂತಳು. ಆಮೇಲೆ ಸ್ವಲ್ಪ ಹಿಂದೆ ಸರಿದಳು. ಒಂದು ಮಧ್ಯಾಹ್ನ ನನಗೆ ಬೆನ್ನು ಕೊಟ್ಟಳು. ಗಟ್ಟಿ ಬೆನ್ನು, ನೆಟ್ಟಗಿತ್ತು. ವರ್ಷಗಳಲ್ಲಿ ಅದು ಮೆತ್ತಗಾಗುತ್ತಾ ಬಂದದ್ದನ್ನು ನಾನು ಬಲ್ಲೆ. ಬಂದ ಹೆಂಗಸರೆಲ್ಲ ಹೇಳುತ್ತಿದ್ದರು: "ಏನ್ ಪುಣ್ಯಾ ಮಾಡೀರಿ ನೀಲವ್ವಾರ, ಕುಂತs ಉಣ್ಣಾಕತ್ತೀರಿ."

ಈ ಮನೆಯಲ್ಲಿ ಪ್ರೀತಿ ಎಂದರೆ ಕೂಡಿಸುವುದು. ಅದು ನನಗೆ ಪೂರ್ತಿ ತಿಳಿದದ್ದು ಮಗಳು ಶಶಿಕಲಾಳಿಂದ.

ಶಶಿ ಶಾಲೆಯ ಖೋ ಖೋ ತಂಡದಲ್ಲಿದ್ದಳು. ಮನೆಯೊಳಗೂ ನಡೆದವಳಲ್ಲ, ಓಡಿದವಳು. ದಿವಾನದ ಮೇಲಿಂದ ಹಾರಿ ನನ್ನನ್ನು ಎಷ್ಟೋ ಸಲ ತುಳಿದಿದ್ದಾಳೆ. ಜೀವಮಾನದಲ್ಲಿ ನನ್ನನ್ನು ತುಳಿದವಳು ಅವಳೊಬ್ಬಳೇ. ಉಳಿದವರೆಲ್ಲ ಒತ್ತಿದವರು. ಅವಳು ಮೈನೆರೆದಳು. ದೊಡ್ಡಾಕಿ ಆದಳು ಎಂದು ಬಂಧುಗಳಿಗೆಲ್ಲ ಹೇಳಿ ಕಳಿಸಿದರು. ಕೂಡಿಸುವ ಶಾಸ್ತ್ರ ಆಯಿತು. ಹೊಸ ಸೀರೆ ಉಡಿಸಿ, ನನ್ನನ್ನು ಅವಳ ಬೆನ್ನಿಗಿಟ್ಟು, ಆರತಿ ಮಾಡಿದರು. ದಿನಾಲೂ ಒಬ್ಬರು ಅಂಟಿನ ಉಂಡಿ, ಕೊಬ್ಬರಿ, ಉತ್ತತ್ತಿ ತಂದು ಬಾಯಿಗೆ ತುರುಕಿದರು. ಅವಳ ಬೆನ್ನು ನನಗೆ ತಾಗಿತ್ತು, ಆದರೆ ಮಡಿಚಿದ ಕಾಲುಗಳು ಸೀರೆಯೊಳಗೆ ಕುಣಿಯುತ್ತಲೇ ಇದ್ದವು. ಅದರ ಅದುರು ನನ್ನವರೆಗೂ ಬರುತ್ತಿತ್ತು.

"ನಾಳೆ ಆಡಾಕ ಹೋಗ್ಲೇನವ್ವಾ?"

ಉತ್ತರ ಕೊಟ್ಟದ್ದು ಸೋದರತ್ತೆ ಕಾಶವ್ವ, ಶಿವಯೋಗಪ್ಪನ ಅಕ್ಕ. "ಇನ್ನೇನ್ ಆಟಾ? ಮಂದಿ ಮುಂದ ಎದಿ ಕುಣಿಸ್ಕೊಂತ ಓಡತೀಯೇನು? ಕುಂದ್ರು ಸುಮ್ನ."

ನೀಲವ್ವ ಮಗಳ ಬಾಯಿ ಒರೆಸಿದಳು. ಇನ್ನೊಂದು ಉಂಡಿ ಕೊಟ್ಟಳು.

ಶಾಸ್ತ್ರ ಮುಗಿದ ಮೇಲೂ ಕಾಲುಗಳು ಬಹಳ ದಿನ ಅದುರುತ್ತಿದ್ದವು. ಪುಸ್ತಕ ಓದುವಾಗ, ಟಿವಿ ನೋಡುವಾಗ. ಒಂದು ದಿನ ನಿಂತವು. ಯಾರೂ ಗಮನಿಸಲಿಲ್ಲ.

ತಮ್ಮ ಚನ್ನವೀರನನ್ನು ಯಾರೂ ಕೂಡಿಸಬೇಕಾಗಲಿಲ್ಲ. ಅವನು ಹೊಟ್ಟೆ ಅಡಿ ಮಾಡಿ, ಎದೆಯನ್ನು ನನ್ನ ಮೇಲೆ ಇಟ್ಟು, ಮೊಬೈಲು ಹಿಡಿದ. ದೊಡ್ಡವನಾದ, ಅದೇ ಭಂಗಿಯಲ್ಲಿ. ಜೊಲ್ಲು ಸುರಿದು ನನ್ನ ಗವಸಿನ ಮೇಲೆ ಹಳದಿ ಕಲೆಯಾಯಿತು. ತಿನ್ನಲು ತರಿಸಿದ ಪೊಟ್ಟಣ ಗೇಟಿನವರೆಗೆ ಬಂದರೆ, "ಅವ್ವಾ, ಪಾರ್ಸಲ್ ಬಂತು ನೋಡು" ಎನ್ನುವನು. ಮುಂಗೈಗೆ ಒಂದು ಗಡಿಯಾರ ಕಟ್ಟಿಕೊಂಡಿದ್ದ. ಬಹಳ ಹೊತ್ತು ಕೂತರೆ ಅದು ಗುಂಯ್ ಎಂದು ಏಳು ಎನ್ನುತ್ತದೆ. ಅವನು ಮಲಗಿದಲ್ಲೇ ಕೈಯನ್ನು ಹಿಂದೆ ಮುಂದೆ ಬೀಸುತ್ತಾನೆ. ಇವನು ನಡೆಯುತ್ತಿದ್ದಾನೆ ಎಂದುಕೊಂಡು ಗಡಿಯಾರ ಸುಮ್ಮನಾಗುತ್ತದೆ. ಸತ್ತ ಮುದುಕನ ಬೆನ್ನನ್ನೂ ಹೊತ್ತವನು ನಾನು, ಆಗಲೂ ಇಷ್ಟು ಹೇಸಿಗೆಯಾಗಿರಲಿಲ್ಲ.

ಶಶಿಯನ್ನು ರಾಣೆಬೆನ್ನೂರಿಗೆ ಕೊಟ್ಟರು. ನೀಲವ್ವನ ಮೊಣಕಾಲು ಸವೆದವು. ಬಲಗಾಲಿನದು ಪೂರ್ತಿ ಹೋಯಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮೊಣಕಾಲು ಬದಲಿಸಿ ಮನೆಗೆ ತಂದರು. ನೋಡಿಕೊಳ್ಳಲು ಶಶಿ ಬಂದಳು. ನನ್ನನ್ನು ಪಡಸಾಲೆಯಿಂದ ಎತ್ತಿ ನೀಲವ್ವನ ಮಂಚಕ್ಕೆ ತಂದರು. ಕೆಲಸ ಅದೇ, ಜಾಗ ಬೇರೆ.

ಶಶಿ ಮಂಚದ ಪಕ್ಕ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು: "ಡಾಕ್ಟರು ಹೇಳ್ಯಾರ. ಮೊಣಕಾಲ ಕೆಳಗ ಏನೂ ಇಡಬಾರದು. ಬೇಕಾದ್ರ ಹಿಮ್ಮಡಿ ಕೆಳಗ ಇಡ್ರಿ. ಮೊಣಕಾಲ ಕೆಳಗ ಇಟ್ರ ಆರಾಮ ಅನಸ್ತೈತಿ, ಆದ್ರ ಕಾಲು ಮಡಚಿದಂಗs ಉಳದ್ಬಿಡ್ತೈತಿ. ದಿನಾ ಚಾಚಿಸ್ಬೇಕು, ಮಡಚಿಸ್ಬೇಕು, ನಡಸ್ಬೇಕು."

ಎಲ್ಲರೂ ತಲೆಯಾಡಿಸಿದರು. ತಲೆಯಾಡಿಸುವುದು ಈ ಮನೆಯವರಿಗೆ ಕಷ್ಟವಲ್ಲ.

ಎಲ್ಲರೂ ಹೋದ ಮೇಲೆ ನೀಲವ್ವ ಮಗಳನ್ನು ಹತ್ತಿರ ಕರೆದಳು. "ಶಶೀ, ನನಗ ಗುಡಿ ಗುಂಡಾರ ಏನೂ ಬ್ಯಾಡ. ಪಾಯಖಾನಿಗೆ ನಾನs ಹೋಗಿ, ಬಾಗಲಾ ಹಾಕ್ಕೊಂಡು, ನಾನs ಬರುವಂಗಾದ್ರ ಸಾಕು. ಹೆತ್ತ ಮಗಳ ಕೈಯಾಗ ತೊಳಸ್ಕೊಳ್ಳೂದು ಆಗಂಗಿಲ್ಲ ನನಗ. ಅದಕಿಂತ ಸಾಯೂದs ಛಲೋ."

ಅವಳ ಆಸೆ ಇಷ್ಟೇ. ಇದಕ್ಕಿಂತ ಸಣ್ಣ ಆಸೆಯನ್ನು ನಾನು ಆ ಮನೆಯಲ್ಲಿ ಕೇಳಿಲ್ಲ.

ಶಶಿ ಹಟ ಹಿಡಿದಳು. ಬೆಳಿಗ್ಗೆ ಸಂಜೆ ಕಾಲು ಚಾಚಿಸಿದಳು, ಮಡಚಿಸಿದಳು. ನೀಲವ್ವ ನನ್ನ ಅಂಚನ್ನು ಹಲ್ಲಿನಿಂದ ಕಚ್ಚಿ ಹಿಡಿದಳು. ಆ ಹಲ್ಲಿನ ಗುರುತು ಈಗಲೂ ಇದೆ, ನನ್ನ ಮೈಮೇಲಿನ ಗುರುತುಗಳಲ್ಲಿ ನಾಚಿಕೆಯಾಗದ್ದು ಅದೊಂದೇ. ಕೆಲವು ದಿನ ಕಳೆದವು. ಒಂದು ಮಧ್ಯಾಹ್ನ ನೀಲವ್ವ ವಾಕರ್ ಹಿಡಿದು ಎದ್ದಳು, ಓಣಿಯಂಥ ನಡುಮನೆ ದಾಟಿದಳು, ಪಾಯಿಖಾನೆಯೊಳಗೆ ಹೋಗಿ ಚಿಲಕ ಹಾಕಿದಳು. ಶಶಿ ಹೊರಗೆ ನಿಂತು ಚಿಲಕದ ಸದ್ದಿಗೆ ಅತ್ತಳು. ನೀಲವ್ವ ಹೊರಬಂದಾಗ ಮೂಗಿನ ಮೇಲೆಲ್ಲ ಬೆವರು, ಬಾಯಿ ತುಂಬ ನಗು.

"ಏನ ಅಳಾಕತ್ತೀ? ಪಾಯಖಾನಿಗೆ ಹೋಗಿದ್ದೆ, ಕಾಶಿಗಲ್ಲ."

ಅದೇ ವಾರ ನೋಡಲು ಬರುವವರು ಶುರುವಾದರು.

ಬೇನೆ ಬಿದ್ದವರನ್ನು ನೋಡಲು ಹೋಗದಿದ್ದರೆ ನಮ್ಮ ಕಡೆ ಮಾತು ಉಳಿಯುತ್ತದೆ. ಆದ್ದರಿಂದ ಎಲ್ಲರೂ ಬಂದರು. ಬ್ರೆಡ್ಡು, ಬಿಸ್ಕತ್ತು, ದ್ರಾಕ್ಷಿ ತಂದರು. ಕುರ್ಚಿ ಸಾಲದಿದ್ದರೆ ಮಂಚದ ಮೇಲೆಯೇ ಕೂತರು. ತಂದದ್ದನ್ನು ತಾವೇ ಅರ್ಧ ತಿಂದರು. ಅವರು ಕೂತಿರುವಾಗ ರೋಗಿ ಎದ್ದು ನಡೆದರೆ ಬಂದವರಿಗೆ ಅವಮಾನ. ನೋಡಲು ಬಂದದ್ದಕ್ಕೆ ಅರ್ಥವೇ ಇಲ್ಲವಲ್ಲ. ನೀಲವ್ವ ಮಲಗಿದಳು. ವ್ಯಾಯಾಮದ ಹೊತ್ತು ತಪ್ಪಿತು. ಬಂದವರು ಹೋಗುವಷ್ಟರಲ್ಲಿ ಮತ್ತೊಬ್ಬರು ಬರುತ್ತಿದ್ದರು.

ಕಾಶವ್ವ ಚೀಲ ಸಮೇತ ಬಂದು ಉಳಿದೇಬಿಟ್ಟಳು. ಮಂಚದ ಪಕ್ಕದ ಕುರ್ಚಿ ಅವಳದಾಯಿತು. ಅವಳು ಕೂತರೆ ಆ ಕುರ್ಚಿ ಕಾಣುತ್ತಿರಲಿಲ್ಲ. ಶಶಿ ತಾಯಿಯ ಕಾಲು ಹಿಡಿದು ಚಾಚಿಸುತ್ತಿದ್ದಳು, ನೀಲವ್ವ ಚೀರಿದಳು. ಕಾಶವ್ವ ಎದೆ ಹಿಡಿದುಕೊಂಡಳು.

"ಎಂಥಾ ಕಲ್ಲು ಎದೀನs ನಿಂದು! ಹೆತ್ತಾಕಿನ್ನ ಹಿಂಗ ಅಳಸ್ತಾರೇನು?"

"ಅತ್ತೀ, ಈಗ ಅಳಲಿಲ್ಲಂದ್ರ ಮುಂದ ಪೂರ್ತಿ ಅಳಬೇಕಾಗ್ತೈತಿ."

"ನಮ್ಮವ್ವ ಬೇನಿ ಬಿದ್ದಾಗ ಆರು ತಿಂಗಳು ನೆಲಕ್ಕ ಕಾಲು ಇಡಗೊಟ್ಟಿಲ್ಲ ನಾವು. ಹಂಗ ನೋಡ್ಕೊಂಡೀವಿ."

"ಆಮ್ಯಾಲೆ ನಿಮ್ಮವ್ವ ಎದ್ಲೇನು?"

ಕಾಶವ್ವ ಬಿಸ್ಕತ್ತಿನ ಪೊಟ್ಟಣ ಹರಿದಳು. ಪಡಸಾಲೆಯಿಂದ ಶಿವಯೋಗಪ್ಪ ಕೂಗಿದ: "ಆಕಿ ಏನ್ ಹೊಲಾ ಹರಗಾಕ ಹೋಗ್ಬೇಕೇನು? ಮಲಕೊಳ್ಳಲಿ ಬಿಡವಾ."

ಶಶಿ ಅಡಿಗೆ ಮನೆಗೆ ಹೋದಳು. ಕಾಶವ್ವ ಬಗ್ಗಿ ನನ್ನನ್ನು ಎಳೆದು, ನೀಲವ್ವನ ಮೊಣಕಾಲ ಕೆಳಗೆ ತುರುಕಿದಳು. ಕಾಲು ಮಡಚಿ ನನ್ನ ಮೇಲೆ ಒರಗಿತು. ನೀಲವ್ವ ದೊಡ್ಡ ಉಸಿರು ಬಿಟ್ಟಳು. "ಹಾ... ಈಗ ಜೀವಾ ಬಂತು ನೋಡು ಕಾಶಕ್ಕ."

ಶಶಿ ಬಂದು ನನ್ನನ್ನು ಕಿತ್ತು ತೆಗೆದಳು. ಅವಳು ಹೋದ ಮೇಲೆ ಕಾಶವ್ವ ಮತ್ತೆ ಇಟ್ಟಳು. ಇದೊಂದು ಆಟವಾಯಿತು. ಆ ಮನೆಯಲ್ಲಿ ಕೊನೆಗೂ ಒಂದು ಆಟ ನಡೆಯಿತು. ಕೆಲವು ದಿನ ಕಳೆದ ಮೇಲೆ ಇಡುವವಳು ಕಾಶವ್ವ ಆಗಿರಲಿಲ್ಲ. ನೀಲವ್ವನೇ ಕೈ ಚಾಚಿ, "ಲೋಡು ಕೊಡs, ಶಶಿ ಬರೂ ಮಟಾ ಅಷ್ಟs" ಎನ್ನತೊಡಗಿದಳು.

ರಾಣೆಬೆನ್ನೂರಿನಲ್ಲಿ ಶಶಿಯ ಗಂಡನಿಗೆ ಜ್ವರ ಬಂತು. ಅವಳು ಹೋಗಬೇಕಾಯಿತು. ಹೋಗುವಾಗ ತಮ್ಮನಿಗೆ ಹೇಳಿದಳು, ತಂದೆಗೆ ಹೇಳಿದಳು, ಕಾಶವ್ವನ ಕೈ ಹಿಡಿದು ಹೇಳಿದಳು. ಎಲ್ಲರೂ ತಲೆಯಾಡಿಸಿದರು. ಅವಳು ಗೇಟು ದಾಟುವ ಮೊದಲೇ ನಾನು ಮೊಣಕಾಲ ಕೆಳಗಿದ್ದೆ.

ಅಲ್ಲೇ ಉಳಿದೆ. ಹಗಲೂ ರಾತ್ರಿ. ಮೂಳೆ, ಚರ್ಮ, ಎಣ್ಣೆ, ಬೆವರು. ಪಾಯಿಖಾನೆಯ ಬದಲು ಮಂಚದ ಕೆಳಗೆ ಒಂದು ಬೋಗುಣಿ ಬಂತು, "ಶಶಿ ಬರೂ ಮಟಾ ಅಷ್ಟs" ಎಂದು. ಬೋಗುಣಿ ಎತ್ತಲು ಆಳು ಬರುವವರೆಗೆ ಅದು ಅಲ್ಲೇ ಇರುತ್ತಿತ್ತು. ಕಾಶವ್ವ ಮೂಗಿಗೆ ಸೆರಗು ಹಿಡಿದುಕೊಂಡು ಚಕ್ಕುಲಿ ತಿನ್ನುತ್ತಿದ್ದಳು. ನನ್ನ ಮೇಲಿನ ಕಾಲು ದಿನದಿಂದ ದಿನಕ್ಕೆ ಬಿಗಿಯಾಗುತ್ತಾ ಬಂದದ್ದು ನನಗೆ ಗೊತ್ತಾಗುತ್ತಿತ್ತು. ಮೊದಲು ಹಸಿ ಕೊಂಬೆಯ ಹಾಗಿತ್ತು. ಆಮೇಲೆ ಒಣಗಿತು.

ತಿಂಗಳ ಮೇಲೆ ಶಶಿ ಬಂದವಳು ಚೀಲ ಇಳಿಸದೆ ಮಂಚದ ಹತ್ತಿರ ಬಂದಳು. ನನ್ನನ್ನು ಎಳೆದು ನೆಲಕ್ಕೆ ಎಸೆದಳು. ಬೋಗುಣಿ ನೋಡಿದಳು.

"ಏಳವ್ವಾ. ಹೋಗೂಣು."

"ಕಾಲು ಬರವಲ್ದವಾ."

"ನನ್ನ ಹಿಡಕೋ. ಏಳು."

ನೀಲವ್ವ ಎದ್ದಳು. ಬಲಗಾಲು ನೆಲ ಮುಟ್ಟಲಿಲ್ಲ, ಮಡಚಿಕೊಂಡೇ ತೂಗಾಡಿತು. ಮೈಭಾರವೆಲ್ಲ ಶಶಿಯ ಹೆಗಲ ಮೇಲೆ. ಬಾಗಿಲು ತೆರೆದೇ ಇತ್ತು, ನೆಲದ ಮೇಲಿಂದ ನಾನು ನೋಡುತ್ತಿದ್ದೆ. ನಡುಮನೆಯ ಅರ್ಧಕ್ಕೆ ಶಶಿಯ ಉಸಿರು ಹತ್ತಿತು. ಗೋಡೆ ಹಿಡಿದಳು. ಬಾಯಿ ತೆರೆದು ಏದುಸಿರು ಬಿಟ್ಟಳು. ಭಾರ ತಡೆಯದೆ, ತಾಯಿ ಮಗಳು ಇಬ್ಬರೂ ಹಾಗೆಯೇ ಜಾರಿ ನೆಲಕ್ಕೆ ಕೂತರು. ಬೀಳಲಿಲ್ಲ, ಕೂತರು. ನೀಲವ್ವನ ಸೀರೆ ಒದ್ದೆಯಾಗಿ, ನೀರು ಹರಿದು ಹೊಸ್ತಿಲಿಗೆ ಬಂತು.

ಶಿವಯೋಗಪ್ಪ ಓಡಿ ಬಂದ ಎನ್ನಬೇಕು, ಆದರೆ ಅವನು ಬರಲು ಹೊತ್ತು ಹಿಡಿಯಿತು. ಬಗ್ಗಿದ. ಹೊಟ್ಟೆ ಅಡ್ಡ ಬಂತು. "ಅಯ್ಯಯ್ಯೋ, ನನ್ನ ಟೊಂಕಾ!" ಎಂದು ಗೋಡೆ ಹಿಡಿದು ನಿಂತ. ಚನ್ನವೀರ ತಾಯಿಯ ಕಂಕುಳಿಗೆ ಕೈ ಕೊಟ್ಟು ಒಮ್ಮೆ ಎಳೆದ. ಮುಖ ಕೆಂಪಾಯಿತು. ಬಿಟ್ಟ. ಅವನ ಮುಂಗೈಯ ಗಡಿಯಾರ ಗುಂಯ್ ಎಂದು ಮೆಚ್ಚುಗೆಯ ಸದ್ದು ಮಾಡಿತು. ಅವನು ಮೊಬೈಲು ತೆಗೆದು ಅಂಗಡಿಗೆ ಫೋನು ಮಾಡಿದ. ಕಾಶವ್ವ ಕುರ್ಚಿಯಿಂದಲೇ, "ಹಿಡೀರಿ, ಹಿಡೀರಿ, ಏಳಸ್ರಿ" ಎನ್ನುತ್ತಿದ್ದಳು. ದಿನಾ ತುಪ್ಪ ಹಾಕಿಕೊಂಡು ಉಂಡ ನಾಲ್ಕು ದೇಹಗಳು. ಒಬ್ಬ ಹೆಂಗಸನ್ನು ನೆಲದಿಂದ ಎತ್ತಲಾಗಲಿಲ್ಲ.

ಅಂಗಡಿಯಿಂದ ದುರ್ಗಪ್ಪ ಬಂದ. ಅವನಿಗೂ ಮುಪ್ಪು ಬಂದಿತ್ತು, ತಲೆ ಬೆಳ್ಳಗಾಗಿತ್ತು. ಕಾಲು ತೊಳೆದು ಒಳಗೆ ಬಂದ. ಒದ್ದೆ ನೆಲ ನೋಡಿ ಮುಖ ಪಕ್ಕಕ್ಕೆ ತಿರುಗಿಸಿದ.

"ಅವ್ವಾರ, ಕೈ ನನ್ನ ಕೊಳ್ಳಾಗ ಹಾಕ್ರಿ. ನಾಚಬ್ಯಾಡ್ರಿ. ನಿಮ್ಮ ಮಗಾ ಅನ್ಕೋರಿ."

ಕುಕ್ಕರಗಾಲಲ್ಲಿ ಕೂತು ಎದ್ದ. ನೀಲವ್ವ ಮೇಲೆ ಬಂದಳು. ಶಿವಯೋಗಪ್ಪ ಹಿಂದಿನಿಂದ, "ಹಗೂರ, ಹಗೂರ" ಎನ್ನುತ್ತಾ ಬಂದ. ಹೇಳುವುದಕ್ಕೆ ಆ ಮನೆಯಲ್ಲಿ ಯಾರಿಗೂ ಟೊಂಕ ನೋಯುವುದಿಲ್ಲ. ಮಂಚದ ಮೇಲೆ ಮಲಗಿಸುವಾಗ ನೀಲವ್ವ ಕಣ್ಣು ಮುಚ್ಚಿಕೊಂಡಿದ್ದಳು. ಅಂಗಡಿಯ ಹಮಾಲನ ಅಂಗಿಗೆ ತನ್ನ ಉಚ್ಚೆ ತಾಗಿದ್ದು ಅವಳಿಗೆ ಗೊತ್ತಿತ್ತು.

ಹುಬ್ಬಳ್ಳಿಯ ಡಾಕ್ಟರು ನೋಡಿದರು. ಕಾಲು ಇನ್ನು ಚಾಚುವುದಿಲ್ಲ, ಮತ್ತೆ ಕೊಯ್ಯೋಣವೆಂದರೆ ಎದೆ ತಡೆಯುವುದಿಲ್ಲ ಎಂದರು. ಬೋಗುಣಿ ಕಾಯಂ ಆಯಿತು, ಮೊಣಕಾಲ ಕೆಳಗೆ ಮತ್ತೆ ನಾನೂ ಕಾಯಂ ಆದೆ. ತೊಳೆಯುವ ಕೆಲಸ ಶಶಿಯದಾಯಿತು. ಏನು ಬೇಡವೆಂದು ನೀಲವ್ವ ಕೇಳಿಕೊಂಡಿದ್ದಳೋ ಅದೇ. ನೋಡಲು ಬಂದವರು ಹೇಳಿ ಹೋದರು: "ಎಷ್ಟ ಮಾಯಾ ಮಮತಿ ಮಾಡ್ತಾರ ನೋಡ್ರಿ. ಮನಿ ಮಂದಿ ಎಲ್ಲಾ ಸುತ್ತ ಕುಂತಿರ್ತಾರ."

ಶಶಿಯೂ ಕೂತಳು. ಮಂಚದ ತುದಿಯಲ್ಲಿ, ನನಗೆ ಬೆನ್ನು ತಾಗಿಸಿ. ಒಳ್ಳೆಯ ಮಗಳು ಕೂರಬೇಕಾದ ಜಾಗ ಅದು. ತಾಯಿಗೆ ಹಣ್ಣು ಸುಲಿದು ಕೊಡುವಳು, ತಾಯಿ ಬೇಡವೆಂದರೆ ತಾನು ತಿನ್ನುವಳು. ಅವಳ ಬೆನ್ನು ಮೆತ್ತಗೆ ಹರಡುತ್ತಾ ನನ್ನ ತಗ್ಗಿಗೆ ಸರಿಯಾಗಿ ಕೂರತೊಡಗಿತು. ಆ ತಗ್ಗು ಹಿಂದಿನವರದು.

ಒಂದು ಸಂಜೆ ನೀಲವ್ವ ಚಾವಣಿ ನೋಡುತ್ತಾ, "ಶಶೀ, ನೀ ಏಳು" ಎಂದಳು.

"ಏನ್ ಬೇಕವ್ವಾ?"

"ಏನೂ ಬ್ಯಾಡ. ಏಳು. ಹೊರಗ ಅಡ್ಡಾಡಿ ಬಾ."

"ನಿನ್ನ ಬಿಟ್ಟೇನು? ಮಂದಿ ಏನಂತಾರ?"

"ಮಂದಿ ಕುಂತು ಅಂತಾರ. ಅನ್ನಲಿ." ನೀಲವ್ವ ತಲೆ ತಿರುಗಿಸಿದಳು. "ಅವತ್ತ ಇಬ್ರೂ ನೆಲಕ್ಕ ಕುಂತ್ವೆಲ್ಲ, ನಿನ್ನ ಉಸರು ನನ್ನ ಕಿವ್ಯಾಗ ಇತ್ತು. ನನಕಿಂತಾ ಜೋರ ಇತ್ತಲ್ಲs ಅದು. ನಿನಗ ಇನ್ನಾ ಮೂವತ್ತು ತುಂಬಿಲ್ಲ. ನಾನs ನಿನ್ನ ಕೂಡಿಸಿದೆ. ಏಳು ಈಗ."

ಕಾಶವ್ವ ಕುರ್ಚಿಯಲ್ಲಿ ಅಲುಗಿದಳು. "ಬೇನಿ ಬಿದ್ದ ತಾಯಿನ್ನ ಬಿಟ್ಟು ಊರು ತಿರಗೂದಂದ್ರ ಏನು ನೀಲಾ? ಹೆಣಮಗಳು ಕಾಲಾಗ ಕುಂದ್ರಬೇಕು."

ನೀಲವ್ವ ಕೈ ಚಾಚಿ ನನ್ನನ್ನು ಹಿಡಿದಳು. ಎರಡೂ ಕೈಯಿಂದ ಎಳೆದಳು. ನಾನು ಹೊರಬಂದೆ. ಕಾಲು ಕೆಳಗೆ ಬರಲಿಲ್ಲ. ನಾನಿಲ್ಲದ ಮೇಲೂ ಅದು ನನ್ನ ಆಕಾರದಲ್ಲೇ, ಬರಿಯ ಗಾಳಿಯ ಮೇಲೆ, ಮಡಚಿ ನಿಂತಿತ್ತು. ಕೋಣೆಯಲ್ಲಿದ್ದ ಎಲ್ಲರೂ ಅದನ್ನು ನೋಡಿದರು.

"ತಗೋ ಕಾಶಕ್ಕ" ಎಂದಳು ನೀಲವ್ವ. "ನಿನಗs ಇರಲಿ. ಒರಗು."

ಕಾಶವ್ವನ ಮಡಿಲಿಗೆ ನಾನು ಬಿದ್ದೆ. ಅವಳು ಮೂಸಿ ನೋಡಿ, "ಥೂ, ಹೊಲಸು ನಾತ" ಎಂದು ನನ್ನನ್ನು ದೂಡಿದಳು. ಅಷ್ಟು ವರ್ಷ ಅವರ ಮೈಯಿಂದಲೇ ನನಗೆ ಬಂದ ವಾಸನೆ ಅದು. ಒಬ್ಬರಿಗೂ ಅದು ತಮ್ಮದೆಂದು ಗೊತ್ತಾಗಲಿಲ್ಲ.

ಶಶಿ ನನ್ನನ್ನು ಎತ್ತಿಕೊಂಡಳು. ಹಿತ್ತಲಿಗೆ ಒಯ್ದು ಬಚ್ಚಲ ಗೋಡೆಯ ಪಕ್ಕ ಹಾಕಿದಳು. ಚಪ್ಪಲಿ ಮೆಟ್ಟಿದಳು. ಗೇಟಿನ ಸದ್ದಾಯಿತು.

ಈಗ ನಾನಿರುವುದು ಅಲ್ಲೇ. ಮಳೆಗೆ ನೆನೆದು ಬಿಸಿಲಿಗೆ ಒಣಗಿ, ಹೊಲಿಗೆ ಬಿಟ್ಟಿದೆ. ಒಳಗಿನ ಹತ್ತಿ ಕಪ್ಪಾಗಿ ಗಂಟುಗಟ್ಟಿದೆ. ಇರುವೆಗಳು ಗೂಡು ಮಾಡಿವೆ. ಅವು ಒಂದು ಗಳಿಗೆ ನಿಲ್ಲುವುದಿಲ್ಲ, ಅವುಗಳ ಮೇಲೆ ನನಗೆ ಹೇಸಿಗೆ ಇಲ್ಲ. ಮನುಷ್ಯರ ಮೇಲಿನ ಹೇಸಿಗೆ ಹೋಗಿಲ್ಲ. ಪಡಸಾಲೆಗೆ ಹೊಸ ಲೋಡು ಬಂದಿದೆಯಂತೆ, ಕಾರ್ಖಾನೆಯದು, ಒರಗಿದರೂ ತಗ್ಗು ಬೀಳದಂಥದ್ದು. ಶಿವಯೋಗಪ್ಪನ ತೇಗು ಇಲ್ಲಿಗೂ ಕೇಳುತ್ತದೆ. ನೀಲವ್ವನ ಮೊಣಕಾಲ ಕೆಳಗೆ ಈಗ ಏನೂ ಇಡುವುದಿಲ್ಲ. ಇಡುವ ಅಗತ್ಯವೂ ಇಲ್ಲ.

ಅವಳ ಕೋಣೆಯ ಕಿಟಕಿ ನನ್ನ ತಲೆಯ ಮೇಲೆಯೇ ಇದೆ. ಶಶಿ ರಾಣೆಬೆನ್ನೂರಿನಿಂದ ಬಂದಾಗಲೆಲ್ಲ ಸಂಜೆ ಹೊರಗೆ ಹೋಗುತ್ತಾಳೆ. ಮೊದಲು ಬೇಗ ಬರುತ್ತಿದ್ದಳು, ಏದುಸಿರು ಗೇಟಿನಿಂದಲೇ ಕೇಳುತ್ತಿತ್ತು. ಓಣಿಯವರು ತಾಯಿಯನ್ನು ಬಿಟ್ಟು ತಿರುಗುವ ಮಗಳು ಎನ್ನುತ್ತಾರೆ, ಕಾಶವ್ವ ಅದನ್ನು ಒಳಗೆ ತಂದು ಹೇಳುತ್ತಾಳೆ. ಮಗಳು ಬಂದ ಮೇಲೆ ನೀಲವ್ವ ದಾರಿಯನ್ನೆಲ್ಲ ಕೇಳುತ್ತಾಳೆ. ಯಾರ ಮನೆಗೆ ಬಣ್ಣ ಹಚ್ಚಿದ್ದಾರೆ, ಯಾವ ಗಿಡ ಕಡಿದಿದ್ದಾರೆ, ಮೆಣಸಿನಕಾಯಿ ಕಣದಲ್ಲಿ ಯಾರಿದ್ದರು.

ನಿನ್ನೆಯೂ ಕೇಳಿದಳು.

"ಎಲ್ಲೀ ಮಟಾ ಹೋಗಿದ್ದಿ?"

"ರೈಲ್ವೆ ಗೇಟ್ ಮಟಾ, ಅವ್ವಾ. ಗೇಟು ಹಾಕಿತ್ತು. ಹೊಳ್ಳಿ ಬಂದೆ."

ಮಂಚ ಒಮ್ಮೆ ಕಿರುಗುಟ್ಟಿತು.

"ನಾಳೆ ತೆಗೀತಾರ" ಎಂದಳು ನೀಲವ್ವ. "ನಿಂತು ಕಾಯಿ. ದಾಟಿ ಹೋಗು."